ಓಗೊಡುವ ಯಂತ್ರಗಳು

ಬೆಂಗಳೂರಿನ ಇಂದಿರಾನಗರಕ್ಕೆ ಮೊದಲ ಬಾರಿಗೆ ಬರುವ ಅತಿಥಿಯು ಕೈಯಲ್ಲಿ ಒಂದು ವಿಳಾಸವನ್ನು ಹಿಡಿದುಕೊಂಡು ಬರುತ್ತಾನೆ. ಹಂತ, ಮುಖ್ಯರಸ್ತೆ, ಅಡ್ಡರಸ್ತೆ, ಮನೆಯ ಸಂಖ್ಯೆ, ಇವಿಷ್ಟು ತಿಳಿದಿದ್ದರೆ ಅವನು ಯಾರನ್ನೂ ಕೇಳಬೇಕಾಗಿಲ್ಲ. ನೂರು ಅಡಿ ರಸ್ತೆಯಿಂದ ತಿರುಗಿ, ಫಲಕಗಳನ್ನು ಓದುತ್ತ ನಡೆದರೆ ಬೇಕಾದ ಮನೆಯ ಬಾಗಿಲನ್ನೇ ತಲಪುತ್ತಾನೆ. ಇಂದಿರಾನಗರವು ಯೋಜನೆಯಂತೆ ರೂಪುಗೊಂಡ ಬಡಾವಣೆ. ಅಲ್ಲಿಯ ರಸ್ತೆಗಳಿಗೂ ನಿವೇಶನಗಳಿಗೂ ಒಂದು ಅಧಿಕೃತ ಸಂಸ್ಥೆಯು ಸಂಖ್ಯೆಗಳನ್ನು ಕೊಟ್ಟು ದಾಖಲೆಯಲ್ಲಿ ಬರೆದಿಟ್ಟಿದೆ.

ಆದರೆ ಈ ಬಡಾವಣೆಯ ಮಗ್ಗುಲಲ್ಲಿಯೇ ಕೋಡಿಹಳ್ಳಿ, ದೂಪನಹಳ್ಳಿ, ಅಪ್ಪಾರೆಡ್ಡಿಪಾಳ್ಯಗಳಂತಹ ಹಳೆಯ ಊರುಗಳೂ ಇವೆ. ಹಳೆಯ ಊರಿನ ಓಣಿಗಳಲ್ಲಿ ಸಂಖ್ಯೆಗಿಂತ ಬಾಯಿಮಾತೇ ಹೆಚ್ಚು ದಾರಿ ತೋರುತ್ತದೆ. ಬಂದವನು ಓಣಿಯ ಬಾಯಿಯಲ್ಲಿ ನಿಂತು, “ಹಾಲಿನವರ ಮನೆ ಎಲ್ಲಿ ಬರುತ್ತದಮ್ಮಾ?” ಎಂದು ಕೇಳುತ್ತಾನೆ. ಆ ಮಾತು ಹತ್ತು ಮನೆಗಳಿಗೆ ಕೇಳಿಸುತ್ತದೆ. ಒಂಬತ್ತು ಮನೆಯವರು ತಮ್ಮ ಪಾಡಿಗೆ ತಾವಿರುತ್ತಾರೆ. ಹತ್ತನೆಯ ಮನೆಯವರು, “ಇದೇ ಮನೆ, ಬನ್ನಿ” ಎಂದು ಓಗೊಡುತ್ತಾರೆ. ಇಲ್ಲಿ ದಾಖಲೆಯ ಪುಸ್ತಕವಿಲ್ಲ, ಅದನ್ನು ಕಾಯುವ ಅಧಿಕಾರಿಯೂ ಇಲ್ಲ. ಆದರೂ ಕೆಲಸ ನಡೆಯುತ್ತದೆ.

ಹುಡುಕುವ ಈ ಎರಡು ಬಗೆಗಳೂ ಇಂದು ಗಣಕಯಂತ್ರಗಳ ಲೋಕದಲ್ಲಿ ಬಳಕೆಯಲ್ಲಿವೆ. ಮೊದಲನೆಯದು ದಾಖಲೆಯನ್ನು ನೋಡಿ ತಿಳಿಯುವ ಬಗೆ. ಎರಡನೆಯದು ಕೂಗಿ ಕರೆದು ತಿಳಿಯುವ ಬಗೆ. ಒಂದೇ ಕೊಠಡಿಯಲ್ಲಿ ಅಥವಾ ಒಂದೇ ಕಟ್ಟಡದಲ್ಲಿರುವ ಯಂತ್ರಗಳು ಈ ಎರಡನೆಯ ಬಗೆಯಿಂದ ಪರಸ್ಪರ ಗುರುತಿಸಿಕೊಳ್ಳುವ ಕ್ರಮಕ್ಕೆ ‘ಸ್ಥಳೀಯ ಜಾಲದಲ್ಲಿ ಸೇವೆಗಳ ಶೋಧನೆ’ ಎಂದು ಹೇಳಬಹುದು.

ದಾಖಲೆಯ ಬಗೆಯನ್ನು ಮೊದಲು ನೋಡುವುದು ಒಳ್ಳೆಯದು. ಇಂದಿರಾನಗರದ ಈಶಾನ್ಯಕ್ಕೆ, ಕೃಷ್ಣರಾಜಪುರದ ಬಳಿ, ದೂರವಾಣಿನಗರವೆಂಬ ಪ್ರದೇಶವಿದೆ. 1948ರಲ್ಲಿ ಸ್ಥಾಪನೆಗೊಂಡ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಅದಕ್ಕೆ ಆ ಹೆಸರು ಬಂದಿತು. ಅಲ್ಲಿ ತಯಾರಾದ ದೂರವಾಣಿಗಳು ದೇಶದ ಮೂಲೆಮೂಲೆಗಳಿಗೆ ಹೋದವು. ಆ ಕಾಲದಲ್ಲಿ ದೂರವಾಣಿಯ ಪಕ್ಕದಲ್ಲಿ ಒಂದು ದಪ್ಪ ಪುಸ್ತಕವೂ ಇರುತ್ತಿತ್ತು. ಅದೇ ದೂರವಾಣಿ ಕೈಪಿಡಿ. ಹೆಸರು ಗೊತ್ತಿದ್ದವರು ಅದರಲ್ಲಿ ಸಂಖ್ಯೆಯನ್ನು ಕಂಡುಕೊಳ್ಳುತ್ತಿದ್ದರು. ಆದರೆ ಪುಸ್ತಕವು ಅಚ್ಚಾದ ಮರುದಿನ ಬಂದ ಹೊಸ ದೂರವಾಣಿಯು ಮುಂದಿನ ಮುದ್ರಣದವರೆಗೆ ಅದರಲ್ಲಿ ಕಾಣಿಸುತ್ತಿರಲಿಲ್ಲ. ಸಂಖ್ಯೆ ಬದಲಾದರೆ ಹಳೆಯ ಸಂಖ್ಯೆಯೇ ಉಳಿದಿರುತ್ತಿತ್ತು.

ಗಣಕಜಾಲದ ಚರಿತ್ರೆಯಲ್ಲಿಯೂ ಇಂತಹದೇ ಒಂದು ಕೈಪಿಡಿ ಇತ್ತು. ಇಂದಿನ ಅಂತರಜಾಲದ ಪೂರ್ವಜವಾದ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ 1970ರ ದಶಕದಲ್ಲಿ ಪ್ರತಿಯೊಂದು ಯಂತ್ರದ ಹೆಸರು ಮತ್ತು ವಿಳಾಸಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರವು ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರವೊಂದು ಬಂದರೆ ಆ ಕೇಂದ್ರಕ್ಕೆ ತಿಳಿಸಬೇಕು. ಇತರರು ಪಟ್ಟಿಯ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಕೆಲಸವು ಕೈಮೀರಿತು. ಆಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ‘ಡೊಮೈನ್ ನೇಮ್ ಸಿಸ್ಟಮ್’ ಎಂಬ ವ್ಯವಸ್ಥೆಯನ್ನು ರೂಪಿಸಿದನು. ಒಂದು ದೊಡ್ಡ ಪಟ್ಟಿಗೆ ಬದಲಾಗಿ ಆಯಾ ವಿಭಾಗದ ಪಟ್ಟಿಯನ್ನು ಆಯಾ ವಿಭಾಗದವರೇ ನೋಡಿಕೊಳ್ಳುವ ಏರ್ಪಾಡು ಅದು. ಇಂದಿಗೂ ಇಡೀ ಅಂತರಜಾಲವು ಈ ವ್ಯವಸ್ಥೆಯ ಮೇಲೆ ನಿಂತಿದೆ. ಆದರೆ ಪಟ್ಟಿಯನ್ನು ಬರೆಯಲು ಎಲ್ಲಿಯಾದರೂ ಒಬ್ಬ ಮನುಷ್ಯನು ಇರಲೇಬೇಕು.

ಅಂತಹ ಮನುಷ್ಯನು ಇಲ್ಲದ ಸ್ಥಳಗಳೇ ಲೋಕದಲ್ಲಿ ಹೆಚ್ಚು. ಇಂದಿರಾನಗರದ ಯಾವುದಾದರೊಂದು ಪ್ರೌಢಶಾಲೆಯ ಗಣಕ ಕೊಠಡಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಇಪ್ಪತ್ತು ಗಣಕಯಂತ್ರಗಳೂ ಒಂದು ಮುದ್ರಣಯಂತ್ರವೂ ಇವೆ. ಪಾಠಗಳನ್ನೂ ಚಿತ್ರಗಳನ್ನೂ ಕೂಡಿಟ್ಟಿರುವ ಇನ್ನೊಂದು ಯಂತ್ರವೂ ಇದೆ. ಇವೆಲ್ಲವನ್ನೂ ಜೋಡಿಸುವ ರೂಟರ್ ಎಂಬ ಸಾಧನವು ಪ್ರತಿಯೊಂದು ಯಂತ್ರಕ್ಕೂ ಅಂಕಿಗಳಿಂದ ಕೂಡಿದ ಒಂದು ವಿಳಾಸವನ್ನು ಕೊಡುತ್ತದೆ. ಇದು ಶಾಶ್ವತವಾದ ದಾನವಲ್ಲ. ನಿರ್ದಿಷ್ಟ ಅವಧಿಗೆ ಕೊಟ್ಟ ಬಾಡಿಗೆಯ ಮನೆಯಂತೆ. ನಿನ್ನೆ ಮುದ್ರಣಯಂತ್ರದ ವಿಳಾಸವು 192.168.1.23 ಆಗಿತ್ತು ಎನ್ನೋಣ. ರಾತ್ರಿ ವಿದ್ಯುತ್ತು ಹೋಗಿ ಬಂದ ಮೇಲೆ ಅದು 192.168.1.31 ಆಗಿರಬಹುದು. ಇಪ್ಪತ್ತು ಗಣಕಯಂತ್ರಗಳು ಮಾತ್ರ ಹಳೆಯ ವಿಳಾಸಕ್ಕೇ ಹಾಳೆಗಳನ್ನು ಕಳುಹಿಸುತ್ತಿರುತ್ತವೆ. ವಿದ್ಯಾರ್ಥಿನಿಯೊಬ್ಬಳು ವಾರವೆಲ್ಲ ಕುಳಿತು ಬರೆದ ವಿಜ್ಞಾನದ ವರದಿಯನ್ನು ಅಂದೇ ಒಪ್ಪಿಸಬೇಕಾಗಿದೆ. ಯಂತ್ರವು ಎದುರಿಗೇ ಇದೆ, ಕಾಗದವೂ ಇದೆ. ಆದರೆ ಹಾಳೆ ಹೊರಬರುವುದಿಲ್ಲ. ಗಣಿತವನ್ನೂ ಕಲಿಸಬೇಕಾದ ಅಧ್ಯಾಪಕರು ಒಂದೊಂದೇ ಯಂತ್ರದ ಮುಂದೆ ಕುಳಿತು ವಿಳಾಸವನ್ನು ತಿದ್ದಬೇಕಾಗುತ್ತದೆ.

ಮುದ್ರಣಯಂತ್ರಕ್ಕೆ ಒಂದು ಸ್ಥಿರವಾದ ವಿಳಾಸವನ್ನು ಕಟ್ಟಿಕೊಡುವುದು ಇದಕ್ಕೆ ಒಂದು ಪರಿಹಾರ. ಆದರೆ ಹಾಗೆ ಕೊಟ್ಟ ವಿಳಾಸಗಳನ್ನು ಯಾರಾದರೂ ಬರೆದಿಡಬೇಕು. ಒಂದೇ ವಿಳಾಸವು ಎರಡು ಯಂತ್ರಗಳಿಗೆ ಹೋಗದಂತೆ ನೋಡಿಕೊಳ್ಳಬೇಕು. ಅವರು ವರ್ಗವಾಗಿ ಹೋದರೆ ಆ ಪುಸ್ತಕವೂ ಕಣ್ಮರೆಯಾಗುತ್ತದೆ. ಯಂತ್ರಗಳೇ ತಮ್ಮ ಹೆಸರನ್ನು ತಾವೇ ಹೇಳುವಂತಾದರೆ ಈ ತೊಂದರೆಯೇ ಇರುವುದಿಲ್ಲ.

ಈ ವಿಚಾರವು ಹೊಸದಲ್ಲ. 1980ರ ದಶಕದಲ್ಲಿಯೇ ಆಪಲ್ ಕಂಪೆನಿಯ ಆಪಲ್‌ಟಾಕ್ ಎಂಬ ಜಾಲದಲ್ಲಿ ಮುದ್ರಣಯಂತ್ರವನ್ನು ಹೆಸರಿನಿಂದಲೇ ಆರಿಸಿಕೊಳ್ಳಬಹುದಾಗಿತ್ತು. ಆದರೆ ಅಂತರಜಾಲದ ಸಾಮಾನ್ಯ ನಿಯಮಗಳಲ್ಲಿ ಆ ಸೌಕರ್ಯವಿರಲಿಲ್ಲ. ಅದನ್ನು ತರುವ ಉದ್ದೇಶದಿಂದ 1999ರಲ್ಲಿ ಅಂತರಜಾಲದ ನಿಯಮಗಳನ್ನು ರೂಪಿಸುವ ತಜ್ಞರ ಮಂಡಲಿಯು ‘ಜೀರೋಕಾನ್ಫ್’ ಎಂಬ ಕಾರ್ಯತಂಡವನ್ನು ರಚಿಸಿತು. ಯಾವ ಸಿದ್ಧತೆಯೂ ಬೇಡದ ಜಾಲವೆಂಬುದು ಆ ಹೆಸರಿನ ಭಾವ. ಈ ಕಾರ್ಯದಲ್ಲಿ ಸ್ಟುವರ್ಟ್ ಚೆಷೈರ್ ಎಂಬ ತಂತ್ರಜ್ಞನ ಪಾತ್ರವು ಹಿರಿದು. 2002ರಲ್ಲಿ ಆಪಲ್ ಕಂಪೆನಿಯು ಇದನ್ನು ತನ್ನ ಗಣಕಯಂತ್ರಗಳಲ್ಲಿ ಅಳವಡಿಸಿತು. 2005ರಲ್ಲಿ ಅದಕ್ಕೆ ‘ಬಾನ್‌ಜೂರ್’ ಎಂದು ಹೆಸರಿಟ್ಟಿತು. ಫ್ರೆಂಚ್ ಭಾಷೆಯಲ್ಲಿ ಅದು ಎದುರಾದವರನ್ನು ವಂದಿಸುವ ಮಾತು. ಇದರ ನಿಯಮಗಳು 2013ರಲ್ಲಿ ಅಂತರಜಾಲದ ಅಧಿಕೃತ ದಾಖಲೆಗಳಾಗಿ ಪ್ರಕಟವಾದವು.

ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಮಾದರಿಯಲ್ಲಿ 1991ರಲ್ಲಿ ಆರಂಭವಾದ ಲಿನಕ್ಸ್ ಇಂದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನು ಬಳಸುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಅದರಲ್ಲಿಯೇ ಗಣಕಶಿಕ್ಷಣವನ್ನು ಪಡೆಯುತ್ತಾರೆ. ಲಿನಕ್ಸ್ ಯಂತ್ರಗಳಿಗೆ ಓಗೊಡುವ ವಿದ್ಯೆಯನ್ನು ಕಲಿಸಿದ ತಂತ್ರಾಂಶದ ಹೆಸರು ‘ಅವಾಹಿ’. ಲೆನಾರ್ಟ್ ಪೊಟ್ಟರಿಂಗ್ ಮತ್ತು ಟ್ರೆಂಟ್ ಲಾಯ್ಡ್ ಎಂಬ ಇಬ್ಬರು ಬೇರೆಬೇರೆಯಾಗಿ ಇದೇ ಕೆಲಸವನ್ನು ಕೈಗೊಂಡಿದ್ದರು. 2005ರಲ್ಲಿ ಅವರು ಪೈಪೋಟಿಯನ್ನು ಬಯಸದೆ ತಮ್ಮ ಕೆಲಸಗಳನ್ನು ಒಂದಾಗಿ ಕೂಡಿಸಿದರು. ಅವಾಹಿ ಎಂಬುದು ಮಡಗಾಸ್ಕರ್ ದ್ವೀಪದ ಮರಗಳಲ್ಲಿ ವಾಸಿಸುವ ಒಂದು ಪುಟ್ಟ ಪ್ರಾಣಿಯ ಹೆಸರು.

ಈ ಯಂತ್ರಗಳು ಕೂಗುವುದು ಹೇಗೆ, ಓಗೊಡುವುದು ಹೇಗೆ? ಸ್ಥಳೀಯ ಜಾಲದಲ್ಲಿ 224.0.0.251 ಎಂಬ ಒಂದು ವಿಶೇಷ ವಿಳಾಸವಿದೆ. ಅದು ಯಾವುದೇ ಒಂದು ಯಂತ್ರದ ವಿಳಾಸವಲ್ಲ. ಅದಕ್ಕೆ ಕಿವಿಗೊಟ್ಟ ಎಲ್ಲ ಯಂತ್ರಗಳ ಸಾಮಾನ್ಯ ವಿಳಾಸ. ಓಣಿಯ ಬಾಯಿಯಲ್ಲಿ ನಿಂತು ಆಡಿದ ಮಾತಿನಂತೆ ಅಲ್ಲಿಗೆ ಕಳುಹಿಸಿದ ಪ್ರಶ್ನೆಯು ಎಲ್ಲ ಯಂತ್ರಗಳನ್ನೂ ಮುಟ್ಟುತ್ತದೆ. ಇದಕ್ಕೆ 5353 ಎಂಬ ದ್ವಾರಸಂಖ್ಯೆಯು ಮೀಸಲಾಗಿದೆ. “ಮುದ್ರಕ.ಲೋಕಲ್ ಯಾರು?” ಎಂದು ಒಂದು ಯಂತ್ರವು ಕೇಳುತ್ತದೆ. ಆ ಹೆಸರಿನ ಯಂತ್ರವು, “ನಾನೇ, ಈಗ ನನ್ನ ವಿಳಾಸ 192.168.1.31” ಎಂದು ಉತ್ತರಿಸುತ್ತದೆ. ಉತ್ತರವೂ ಸಾಮಾನ್ಯವಾಗಿ ಎಲ್ಲರಿಗೂ ಕೇಳಿಸುವಂತೆಯೇ ಬರುವುದರಿಂದ ಕೇಳದವರೂ ಅದನ್ನು ನೆನಪಿಟ್ಟುಕೊಳ್ಳಬಹುದು. ಹೆಸರಿನ ಕೊನೆಯಲ್ಲಿರುವ ‘ಲೋಕಲ್’ ಎಂಬ ಪದವು ಇದು ಈ ಓಣಿಯ ಮಾತು, ಹೊರಗಿನ ಲೋಕದ ಪಟ್ಟಿಯಲ್ಲಿ ಹುಡುಕಬೇಕಾಗಿಲ್ಲ ಎಂಬುದನ್ನು ಸೂಚಿಸುತ್ತದೆ.

ಎಲ್ಲರೂ ಏಕಕಾಲಕ್ಕೆ ಕೂಗಿದರೆ ಓಣಿಯು ಸಂತೆಯಾಗುತ್ತದೆ. ಆದುದರಿಂದ ಈ ವ್ಯವಸ್ಥೆಯನ್ನು ರೂಪಿಸಿದವರು ಯಂತ್ರಗಳಿಗೆ ಕೆಲವು ಸೌಜನ್ಯದ ನಿಯಮಗಳನ್ನು ವಿಧಿಸಿದರು. ಹೊಸದಾಗಿ ಬಂದ ಯಂತ್ರವು ಒಂದು ಹೆಸರನ್ನು ತನ್ನದೆಂದು ಸಾರುವ ಮೊದಲು, ಸೆಕೆಂಡಿನ ಕಾಲುಭಾಗಕ್ಕೆ ಒಂದು ಬಾರಿಯಂತೆ ಮೂರು ಬಾರಿ, ಈ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತದೆ. ಆಕ್ಷೇಪಣೆ ಬಾರದಿದ್ದರೆ ಹೆಸರು ಅದರದಾಗುತ್ತದೆ. ಹೆಸರು ಮೊದಲೇ ಇನ್ನೊಂದರದಾಗಿದ್ದರೆ, ಬಂದ ಯಂತ್ರವು ಜಗಳವಾಡದೆ ತನ್ನ ಹೆಸರಿನ ಮುಂದೆ 2 ಎಂಬ ಅಂಕಿಯನ್ನು ಸೇರಿಸಿಕೊಳ್ಳುತ್ತದೆ. ಪ್ರಶ್ನೆ ಕೇಳುವ ಯಂತ್ರವು ತನಗೆ ಈಗಾಗಲೇ ತಿಳಿದಿರುವ ಉತ್ತರಗಳನ್ನು ಪ್ರಶ್ನೆಯ ಜೊತೆಯಲ್ಲಿಯೇ ಹೇಳಿಬಿಡುತ್ತದೆ. ಹೀಗಾಗಿ ಹೇಳಿದ್ದನ್ನೇ ಹೇಳುವ ಶ್ರಮವು ಇತರರಿಗೆ ತಪ್ಪುತ್ತದೆ. ಹಲವರು ಉತ್ತರಿಸಬಹುದಾದ ಪ್ರಶ್ನೆಗೆ ಪ್ರತಿಯೊಂದು ಯಂತ್ರವೂ ಕ್ಷಣದ ಒಂದು ಅಂಶದಷ್ಟು ಕಾಲ ತಡೆದು ಉತ್ತರಿಸುತ್ತದೆ. ಹೊರಡುವ ಯಂತ್ರವು, ಇನ್ನು ತನ್ನನ್ನು ಮರೆತುಬಿಡಬಹುದೆಂದು ಹೇಳಿ ಹೊರಡುತ್ತದೆ. ಹೇಳದೆ ಹೋದವರ ವಿಳಾಸವನ್ನು ಉಳಿದವರು ಸಾಮಾನ್ಯವಾಗಿ ಎರಡು ನಿಮಿಷಗಳಲ್ಲಿ ಮರೆಯುತ್ತಾರೆ. ಕೇಳಿದ ಮೇಲೆ ಹೆಸರಿಡುವುದು, ಮೊದಲು ಬಂದವರಿಗೆ ಎಡೆಗೊಡುವುದು, ತಿಳಿದುದನ್ನು ಮತ್ತೆ ಕೇಳದಿರುವುದು, ಹೇಳಿ ಹೋಗುವುದು, ಇವು ನೆರೆಹೊರೆಯ ಬಾಳಿನ ನಿಯಮಗಳೂ ಹೌದು.

ಹೆಸರು ತಿಳಿದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಆ ಮನೆಯಲ್ಲಿ ಹಾಲು ಸಿಗುತ್ತದೆಯೋ ಬಟ್ಟೆ ಹೊಲಿಯುತ್ತಾರೆಯೋ ಎಂಬುದೂ ತಿಳಿಯಬೇಕು. ಆದುದರಿಂದ ಯಂತ್ರಗಳು ತಾವು ಸಲ್ಲಿಸುವ ಸೇವೆಯನ್ನೂ ಸಾರುತ್ತವೆ. ಇಲ್ಲಿ ಮುದ್ರಣ ಮಾಡಿಕೊಡುವವರು ಯಾರಾರಿದ್ದಾರೆ ಎಂದು ಕೇಳಿದರೆ ಅಂತಹ ಸೇವೆಗಳ ಹೆಸರುಗಳೆಲ್ಲ ದೊರೆಯುತ್ತವೆ. ಒಂದನ್ನು ಆರಿಸಿಕೊಂಡರೆ ಅದು ಯಾವ ಯಂತ್ರದಲ್ಲಿದೆ, ಯಾವ ದ್ವಾರದಲ್ಲಿದೆ ಎಂಬುದು ತಿಳಿಯುತ್ತದೆ. ಬಣ್ಣದಲ್ಲಿ ಮುದ್ರಿಸಬಲ್ಲದೇ, ಹಾಳೆಯ ಎರಡು ಪಕ್ಕಗಳಲ್ಲಿಯೂ ಮುದ್ರಿಸಬಲ್ಲದೇ ಎಂಬ ವಿವರವೂ ಬರುತ್ತದೆ.

ಸೇವೆಯ ಹೆಸರು ಯಾವ ಭಾಷೆಯಲ್ಲಿಯಾದರೂ ಇರಬಹುದು. ಅದಕ್ಕೆ 63 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಯು ಮೂರು ಬೈಟ್‌ಗಳಷ್ಟು ಸ್ಥಳವನ್ನು ಹಿಡಿಯುತ್ತದೆ. ಗುಣಿತದ ಚಿಹ್ನೆಯೂ ಒತ್ತಕ್ಷರವನ್ನು ಕೂಡಿಸುವ ಚಿಹ್ನೆಯೂ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ‘ಗ್ರಂಥಾಲಯದ ಮುದ್ರಣಯಂತ್ರ’ ಎಂಬ ಹೆಸರಿನಲ್ಲಿ ಇಂತಹ 20 ಚಿಹ್ನೆಗಳೂ ಒಂದು ಬೈಟಿನ ಒಂದು ತೆರಪೂ ಇರುವುದರಿಂದ ಒಟ್ಟು 61 ಬೈಟ್‌ಗಳಾಗುತ್ತವೆ. ಹೀಗೆ ಆ ಹೆಸರು ಮಿತಿಯೊಳಗೇ ನಿಲ್ಲುತ್ತದೆ.

ಲಿನಕ್ಸ್ ಯಂತ್ರದಲ್ಲಿ ಇದನ್ನು ಅಣಿಗೊಳಿಸುವ ಕ್ರಮವು ಕಠಿಣವಲ್ಲ. ಮೊದಲು ಯಂತ್ರಕ್ಕೆ ಒಂದು ಸ್ಪಷ್ಟವಾದ ಹೆಸರನ್ನಿಡಬೇಕು. ಇದನ್ನು ರೋಮನ್ ಅಕ್ಷರ, ಅಂಕಿ ಹಾಗೂ ಕಿರುಗೆರೆಗಳಿಂದ ಬರೆಯುವುದು ವಾಡಿಕೆ. ಪಾಠಗಳನ್ನು ಕೂಡಿಟ್ಟ ಯಂತ್ರಕ್ಕೆ ‘ಭಂಡಾರ’ ಎಂಬ ಹೆಸರು ಸಾಕು. ಆಮೇಲೆ ಮೂರು ತಂತ್ರಾಂಶಗಳು ಬೇಕಾಗುತ್ತವೆ. ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿದ್ದು ಓಗೊಡುವ ‘ಅವಾಹಿ ಡೀಮನ್’ ಎಂಬ ಪರಿಚಾರಕನು ಒಂದು. ಪರೀಕ್ಷಿಸಿ ನೋಡುವ ಸಲಕರಣೆಗಳು ಇನ್ನೊಂದು. ಇತರ ತಂತ್ರಾಂಶಗಳಿಗೆ ‘ಲೋಕಲ್’ ಹೆಸರುಗಳನ್ನು ಅರ್ಥಮಾಡಿಸುವ ‘ಎನ್‌ಎಸ್‌ಎಸ್-ಎಮ್‌ಡಿಎನ್‌ಎಸ್’ ಮೂರನೆಯದು. ಅನೇಕ ಲಿನಕ್ಸ್ ವಿತರಣೆಗಳಲ್ಲಿ ಇವು ಮೊದಲೇ ಇರುತ್ತವೆ. ಇಲ್ಲದಿದ್ದರೆ ಸ್ಥಾಪಿಸಿ, ಯಂತ್ರವು ಎದ್ದೊಡನೆ ಪರಿಚಾರಕನೂ ಏಳುವಂತೆ ಏರ್ಪಡಿಸಬೇಕು. ಕೆಲವು ವ್ಯವಸ್ಥೆಗಳಲ್ಲಿ ಇದೇ ಕೆಲಸವನ್ನು ಮಾಡಬಲ್ಲ ‘ಸಿಸ್ಟಮ್‌ಡಿ ರಿಸಾಲ್ವ್‌ಡಿ’ ಎಂಬ ಇನ್ನೊಬ್ಬ ಪರಿಚಾರಕನೂ ಇರುತ್ತಾನೆ. ಒಂದು ಮನೆಯಿಂದ ಇಬ್ಬರು ಓಗೊಟ್ಟರೆ ಗೊಂದಲವಾದೀತು. ಆದುದರಿಂದ ಈ ಕೆಲಸವನ್ನು ಒಬ್ಬನಿಗೆ ಮಾತ್ರ ವಹಿಸಬೇಕು.

ಅನಂತರ ಹೆಸರುಗಳನ್ನು ಹುಡುಕುವ ಅನುಕ್ರಮವನ್ನು ನೋಡಬೇಕು. ಇದನ್ನು ‘ಎನ್‌ಎಸ್‌ಸ್ವಿಚ್’ ಎಂಬ ಕಡತದಲ್ಲಿ, ‘ಹೋಸ್ಟ್ಸ್’ ಎಂದು ಮೊದಲಾಗುವ ಸಾಲಿನಲ್ಲಿ ಬರೆದಿರುತ್ತದೆ. ಮೊದಲು ಯಂತ್ರದಲ್ಲಿಯೇ ಇರುವ ಪಟ್ಟಿ, ಬಳಿಕ ಓಣಿಯ ಕೂಗು, ಕೊನೆಗೆ ಹೊರಲೋಕದ ದಾಖಲೆ ಎಂಬುದು ತಕ್ಕ ಅನುಕ್ರಮ. ‘ಲೋಕಲ್’ ಎಂದು ಕೊನೆಗೊಳ್ಳುವ ಹೆಸರಿಗೆ ಓಣಿಯಲ್ಲಿ ಯಾರೂ ಓಗೊಡದಿದ್ದರೆ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸುವಂತೆಯೂ ಆ ಸಾಲಿನಲ್ಲಿ ಸೂಚಿಸಬಹುದು. ಯಂತ್ರಕ್ಕೆ ಫೈರ್‌ವಾಲ್ ಎಂಬ ರಕ್ಷಣೆಯ ಗೋಡೆ ಇದ್ದರೆ, ಅದರಲ್ಲಿ 5353ನೆಯ ಯುಡಿಪಿ ದ್ವಾರವನ್ನು ಸ್ಥಳೀಯ ಜಾಲಕ್ಕೆ ತೆರೆದಿಡಬೇಕು. ಬಾಗಿಲು ಮುಚ್ಚಿದ ಮನೆಗೆ ಓಣಿಯ ಕೂಗು ಕೇಳಿಸುವುದಿಲ್ಲವಷ್ಟೆ.

ಮುದ್ರಣಯಂತ್ರವನ್ನು ಹಂಚಿಕೊಳ್ಳಲು ಅನುಮತಿಯಿತ್ತರೆ ಲಿನಕ್ಸಿನ ‘ಕಪ್ಸ್’ ಎಂಬ ಮುದ್ರಣ ವ್ಯವಸ್ಥೆಯು ಅದನ್ನು ಅವಾಹಿಯ ಮೂಲಕ ತಾನೇ ಸಾರುತ್ತದೆ. ಪಾಠಗಳ ಭಂಡಾರದಂತಹ ಬೇರೆ ಸೇವೆಯನ್ನು ಸಾರಬೇಕಾದರೆ ಅವಾಹಿಯ ‘ಸರ್ವಿಸಸ್’ ಎಂಬ ಕೋಶದಲ್ಲಿ ಒಂದು ಚಿಕ್ಕ ಕಡತವನ್ನು ಬರೆದಿಡಬೇಕು. ಸೇವೆಯ ಹೆಸರು, ಅದರ ಬಗೆ, ಅದರ ದ್ವಾರಸಂಖ್ಯೆ, ಇವು ಮೂರೇ ಅದರ ಮುಖ್ಯ ಅಂಶಗಳು. ಪುಟಗಳನ್ನು ಒದಗಿಸುವ ಸೇವೆಗೆ ‘ಎಚ್‌ಟಿಟಿಪಿ’ ಎಂಬುದು ಬಗೆ. 80 ಎಂಬುದು ವಾಡಿಕೆಯ ದ್ವಾರ. ಸಾರುವುದೇ ಬೇರೆ, ಸಲ್ಲಿಸುವುದೇ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಒಳಗೆ ವ್ಯಾಪಾರಿಯಿಲ್ಲದೆ ಹೊರಗೆ ಫಲಕವನ್ನು ತೂಗುಹಾಕಿದರೆ ಗಿರಾಕಿಗೆ ಏನೂ ದೊರೆಯುವುದಿಲ್ಲ. ಎಲ್ಲವೂ ಸಿದ್ಧವಾದ ಮೇಲೆ ಮತ್ತೊಂದು ಯಂತ್ರದಲ್ಲಿ ‘ಅವಾಹಿ-ಬ್ರೌಸ್’ ಎಂಬ ಸಲಕರಣೆಯನ್ನು ನಡೆಸಿದರೆ ಜಾಲದಲ್ಲಿ ಸಾರಿರುವ ಸೇವೆಗಳು ಸಾಲಾಗಿ ಕಾಣುತ್ತವೆ. ಇನ್ನು ರಾತ್ರಿ ವಿದ್ಯುತ್ತು ಹೋಗಿ ವಿಳಾಸವು ಬದಲಾದರೂ ಬೆಳಗ್ಗೆ ಅದೇ ಹೆಸರಿಗೆ ಅದೇ ಯಂತ್ರವು ಓಗೊಡುತ್ತದೆ. ರೂಟರೇ ಕೆಟ್ಟು ವಿಳಾಸ ಕೊಡುವವರಿಲ್ಲದಿದ್ದರೂ, ತಂತಿಯ ಜೋಡಣೆ ಉಳಿದಿದ್ದರೆ, ಹಾಗೆ ಅಣಿಗೊಳಿಸಿದ ಯಂತ್ರಗಳು 169.254 ಎಂದು ಆರಂಭವಾಗುವ ವಿಳಾಸಗಳನ್ನು ತಾವೇ ಆರಿಸಿಕೊಂಡು ಮಾತು ಮುಂದುವರಿಸಬಲ್ಲವು.

ಈ ಕ್ರಮಕ್ಕೆ ಮಿತಿಗಳೂ ಇವೆ. ಒಂದು ಓಣಿಯ ಕೂಗು ಮುಂದಿನ ಬಡಾವಣೆಗೆ ಕೇಳಿಸದು. ರೂಟರಿನ ಆಚೆಗಿರುವ ಬೇರೊಂದು ಜಾಲಕ್ಕೆ ಈ ಪ್ರಶ್ನೆಗಳು ದಾಟುವುದಿಲ್ಲ. ದಾಟಿಸಬೇಕಾದರೆ ನಡುವೆ ಪ್ರತ್ಯೇಕವಾದ ಏರ್ಪಾಡು ಬೇಕು. ಕೆಲವು ನಿಸ್ತಂತು ಜಾಲಗಳು ಯಂತ್ರಗಳು ತಮ್ಮತಮ್ಮೊಳಗೆ ಮಾತಾಡುವುದನ್ನೇ ತಡೆಯುತ್ತವೆ.

ಇನ್ನೊಂದು ಮಿತಿಯು ಇದಕ್ಕಿಂತ ಗಂಭೀರವಾದುದು. ಓಗೊಟ್ಟವನು ನಿಜವಾಗಿಯೂ ಆ ಹೆಸರಿನವನೇ ಎಂದು ಪರೀಕ್ಷಿಸುವ ಉಪಾಯವು ಈ ಕೂಗಿನಲ್ಲಿ ಇಲ್ಲ. ಇಡೀ ವ್ಯವಸ್ಥೆಯು ನೆರೆಯವರ ಪ್ರಾಮಾಣಿಕತೆಯನ್ನು ನಂಬಿ ನಿಂತಿದೆ. ಶಾಲೆಯ ಕೊಠಡಿಯಲ್ಲಿ ಆ ನಂಬಿಕೆ ಸಲ್ಲುತ್ತದೆ. ಆದರೆ ನೂರು ಅಡಿ ರಸ್ತೆಯ ಉಪಾಹಾರ ಗೃಹವೊಂದರ ಸಾರ್ವಜನಿಕ ಜಾಲದಲ್ಲಿ ಕುಳಿತ ನೆರೆಯವರು ಯಾರೆಂಬುದು ಯಾರಿಗೂ ತಿಳಿಯದು. ಅಲ್ಲಿ ದುರುದ್ದೇಶವುಳ್ಳ ಯಂತ್ರವೊಂದು ಮತ್ತೊಂದರ ಹೆಸರಿನಲ್ಲಿ ಓಗೊಡಬಹುದು. ಮಾಲೀಕನ ಹೆಸರನ್ನೇ ಹೊತ್ತ ಯಂತ್ರವು ಅವನು ಅಲ್ಲಿ ಕುಳಿತಿರುವ ಸಂಗತಿಯನ್ನು ಅಪರಿಚಿತರಿಗೆಲ್ಲ ಸಾರಲೂಬಹುದು. ಆದುದರಿಂದ ಹೊರಗೆ ಹೋಗುವಾಗ ಈ ಪರಿಚಾರಕನನ್ನು ಸುಮ್ಮನಿರಿಸುವುದು, ಬೇಕಾದ ಸೇವೆಯನ್ನಲ್ಲದೆ ಬೇರೆ ಯಾವುದನ್ನೂ ಸಾರದಿರುವುದು, ಗುಟ್ಟಿನ ವಿಷಯಗಳಿಗೆ ಗುಪ್ತಪದ ಹಾಗೂ ಗೂಢಲಿಪಿಗಳ ರಕ್ಷಣೆಯನ್ನು ಬಳಸುವುದು ಅಗತ್ಯ. ಹೆಸರು ದಾರಿಯನ್ನು ತೋರಿಸುತ್ತದೆ; ಬಾಗಿಲನ್ನು ತೆರೆಯಬೇಕೋ ಬೇಡವೋ ಎಂಬುದನ್ನು ವಿವೇಕವೇ ನಿರ್ಧರಿಸಬೇಕು.

ಬಡಾವಣೆಯ ಸಂಖ್ಯೆಗಳೂ ಬೇಕು, ಓಣಿಯ ಓಗೊಡುವಿಕೆಯೂ ಬೇಕು. ಲೋಕವಿಸ್ತಾರವಾದ ಜಾಲವು ದಾಖಲೆಯಿಲ್ಲದೆ ನಡೆಯದು. ಇಪ್ಪತ್ತು ಯಂತ್ರಗಳ ಕೊಠಡಿಗೆ ದಾಖಲೆಯ ಕಚೇರಿಯು ಹೊರೆಯಾಗುತ್ತದೆ. ಅಂತಹ ಕೊಠಡಿಯಲ್ಲಿ ಪ್ರತಿಯೊಂದು ಯಂತ್ರವೂ ತನ್ನ ಹೆಸರನ್ನು ತಾನು ಹೇಳಿ, ಇತರರ ಹೆಸರನ್ನು ಮನ್ನಿಸಿ, ಕರೆದಾಗ ಓಗೊಟ್ಟರೆ ಸಾಕು. ಆಗ ವಿದ್ಯಾರ್ಥಿನಿಯ ವರದಿಯು ವೇಳೆಗೆ ಸರಿಯಾಗಿ ಹೊರಬರುತ್ತದೆ. ಅಧ್ಯಾಪಕರು ತಮ್ಮ ಗಣಿತದ ಪಾಠಕ್ಕೆ ಹಿಂದಿರುಗುತ್ತಾರೆ.